ಅಪ್‌ಡೇಟ್: ಲ್ಯಾಬ್‌ನಲ್ಲಿ ಇಂಟರ್ನೆಟ್ ಕೈಕೊಡುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ದಿನಕ್ಕೊಂದು ಕಂಪ್ಯೂಟರಿಗೆ ಇಂಟರ್ನೆಟ್ ಸಿಗುತ್ತಿಲ್ಲ, ವೈರ್‌ಶಾರ್ಕ್‌ನಲ್ಲಿ (ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಹಿಡಿದು ತೋರಿಸುವ ತಂತ್ರಾಂಶ) ಏನನ್ನು ನೋಡಬೇಕು ಎಂದು ಕಳೆದ ವಾರ ಕೇಳಿದ್ದೆ. ಡಿಎಚ್‌ಸಿಪಿಯಿಂದ (ಯಂತ್ರಗಳಿಗೆ ಐಪಿ ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಆರಂಭಿಸಿ ಎಂದವರಿಗೆ ಮನಃಪೂರ್ವಕ ಧನ್ಯವಾದಗಳು. ತೊಂದರೆ ಅಲ್ಲಿಯೇ ಇತ್ತು.

ಪ್ರಾಂಶುಪಾಲರ ಅನುಮತಿ ಪಡೆದು, ತೊಂದರೆಯಿದ್ದ ಯಂತ್ರದಲ್ಲಿ ಕ್ಯಾಪ್ಚರ್ ಆರಂಭಿಸಿ, ಫಿಲ್ಟರ್ ಪಟ್ಟಿಯಲ್ಲಿ ‘ಡಿಎಚ್‌ಸಿಪಿ’ ಎಂದು ಕೊಟ್ಟು, ಐಪಿ ವಿಳಾಸವನ್ನು ಬಿಡುಗಡೆ ಮಾಡಿ ಮತ್ತೆ ಕೇಳಿದಾಗ, ಒಂದೇ ಡಿಸ್ಕವರ್‌ಗೆ (ವಿಳಾಸ ಕೇಳುವ ಸಂದೇಶ) ಎರಡು ಆಫರ್‌ಗಳು (ವಿಳಾಸ ಕೊಡುತ್ತೇನೆಂಬ ಉತ್ತರ) ಬಂದವು: ಒಂದು ನಮ್ಮ ಸರ್ವರ್ 10.0.5.1ರಿಂದ, ಇನ್ನೊಂದು ನಮ್ಮ ಜಾಲಕ್ಕೆ ಸೇರದ 192.168.0.1ರಿಂದ. ಸಾಮಾನ್ಯವಾಗಿ ಮೊದಲು ತಲುಪಿದ ಆಫರನ್ನೇ ಯಂತ್ರ ಒಪ್ಪಿಕೊಳ್ಳುವುದರಿಂದ, ಎರಡನೆಯದನ್ನು ಒಪ್ಪಿದ ಯಂತ್ರಕ್ಕೆ ಇಂಟರ್ನೆಟ್ ಸಿಗದೆ, ತೊಂದರೆ ಇಂದು ಇಲ್ಲಿ, ನಾಳೆ ಅಲ್ಲಿ ಕಾಣಿಸುತ್ತಿತ್ತು. ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ಗಳಿಂದ ಜೋಡಿಸಿ, ಪ್ಯಾಕೆಟ್ಟನ್ನು ಸೇರಬೇಕಾದ ಯಂತ್ರಕ್ಕಷ್ಟೇ ಕಳಿಸುವ ಪೆಟ್ಟಿಗೆ) ಇರುವಾಗ ಇತರರ ಪ್ಯಾಕೆಟ್‌ಗಳು ನಮಗೆ ಕಾಣುವುದಿಲ್ಲ ಎಂಬ ಆತಂಕ ನನಗಿತ್ತು. ಆದರೆ ಇಲ್ಲಿ ವಿಳಾಸ ಕೇಳಿದ್ದು ಅದೇ ಯಂತ್ರವಾದ್ದರಿಂದ ಪೋರ್ಟ್ ಮಿರರಿಂಗ್ (ಇತರ ಪೋರ್ಟ್‌ಗಳ ಪ್ಯಾಕೆಟ್‌ಗಳ ಪ್ರತಿಯನ್ನು ನಮ್ಮ ಪೋರ್ಟಿಗೂ ಕಳಿಸುವುದು) ಬೇಕಾಗಲಿಲ್ಲ.

ಎರಡನೆಯ ಆಫರ್‌ನ ಈಥರ್ನೆಟ್ ಸಾಲಿನಲ್ಲಿ, ಮ್ಯಾಕ್ ವಿಳಾಸದ (ಜಾಲಕ್ಕೆ ಸೇರುವ ಸಾಧನದ ಗುರುತುಸಂಖ್ಯೆ) ಮೊದಲ ಮೂರು ಬೈಟ್‌ಗಳ ಜಾಗದಲ್ಲಿ, ವೈರ್‌ಶಾರ್ಕ್ ತಯಾರಕರ ಹೆಸರನ್ನೇ ತೋರಿಸಿತು. ಅದು ಮನೆಬಳಕೆಯ ರೌಟರ್‌ಗಳ ಕಂಪನಿ. ಅದೇ ವಿಳಾಸವನ್ನು ಸ್ವಿಚ್‌ನ ಮ್ಯಾಕ್ ಪಟ್ಟಿಯಲ್ಲಿ ಹುಡುಕಿದಾಗ 14ನೇ ಪೋರ್ಟ್ ಸಿಕ್ಕಿತು. ಆ ಕೇಬಲನ್ನು ಹಿಡಿದು ಹೋದರೆ ಸಿಬ್ಬಂದಿ ಕೊಠಡಿಯ ಬೀರುವಿನ ಹಿಂದೆ, ಧೂಳು ಹಿಡಿದ ಹಳೆಯ ವೈಫೈ ರೌಟರ್ ಮಿನುಗುತ್ತಿತ್ತು. ಕೇಬಲನ್ನು ಹೊರಜಾಲದ ವ್ಯಾನ್ ಪೋರ್ಟಿಗೆ ಬದಲಾಗಿ ಒಳಜಾಲದ ಲ್ಯಾನ್ ಪೋರ್ಟಿಗೆ ಚುಚ್ಚಲಾಗಿತ್ತು; ಹಾಗಾಗಿ ಅದೂ ನಮ್ಮ ಯಂತ್ರಗಳಿಗೆ ವಿಳಾಸ ಹಂಚುತ್ತಿತ್ತು.

ರೌಟರನ್ನು ತೆಗೆದು, ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿಕೆಯಿಲ್ಲದ ಪೋರ್ಟ್‌ಗಳಿಂದ ಬರುವ ಆಫರ್‌ಗಳನ್ನು ತಡೆಯುವ ಸೌಲಭ್ಯ) ಆನ್ ಮಾಡಿ, ಸರ್ವರ್ ಇರುವ ಪೋರ್ಟನ್ನು ಮಾತ್ರ ನಂಬಿಕೆಯದೆಂದು ಗುರುತಿಸಿದ್ದೇನೆ. ನಾಲ್ಕು ದಿನಗಳಿಂದ ಪ್ರತಿ ಡಿಸ್ಕವರ್‌ಗೂ ಒಂದೇ ಆಫರ್ ಬರುತ್ತಿದೆ.