ಹುಳಿಯಲ್ಲಿ ನೆನೆದ ಉಳಿ

ಭಾನುವಾರ ಬೆಳಗ್ಗೆ ನಾವು ಮೂವರೂ ವಿಶ್ವನ ಮನೆಯ ತಾರಸಿ ಹತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಉಪ್ಪಿನಕಾಯಿ ಜಾಡಿ. ಪಾಪಣ್ಣನವರು ಜಾಡಿ ಕಂಡರೆ ಸುಮ್ಮನಿರುವ ಜೀವವಲ್ಲ. ಮುಚ್ಚಳ ತೆಗೆದು ಬಗ್ಗಿ ನೋಡಿದರು. ಮಾವಿನ ಮಿಡಿ ಇರಬೇಕಾದ ಜಾಗದಲ್ಲಿ ಐದು ಉಳಿಗಳು ಕಂದು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು.

“ವಿನಿಗರ್‌ನಲ್ಲಿ 24 ಗಂಟೆ ನೆನೆಹಾಕಿದರೆ ಎಂಥ ತುಕ್ಕಾದರೂ ಬಿಟ್ಟುಕೊಳ್ಳುತ್ತದೆ ಪಾಪಣ್ಣ. ಆಮೇಲೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿಟ್ಟರೆ ಆಯಿತು,” ಎಂದ ವಿಶ್ವ, ಬಾಣಂತನ ಬಲ್ಲವರ ಗಾಂಭೀರ್ಯದಲ್ಲಿ.

“ಹುಳಿ ಎನ್ನಲು ನಾಲಿಗೆ ಹೊರಳದೆ ಉಳಿ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಉಳಿಯನ್ನೇ ಹುಳಿ ಮಾಡಿದವನು ನೀನೊಬ್ಬನೇ,” ಎಂದು ಪಾಪಣ್ಣನವರು ಮುಚ್ಚಳ ಹಾಕಿದರು. “ಒಗ್ಗರಣೆ ಯಾವಾಗ?”

ಸಂಗತಿ ಇಷ್ಟೇ. ವಿಶ್ವನ ತಾಯಿಗೆ ಮಂಡಿನೋವು. ದೇವರ ಮುಂದೆ ನೆಲದ ಮೇಲೆ ಕುಳಿತರೆ ಏಳಲಾಗುವುದಿಲ್ಲವೆಂದು ಆಕೆ ಯುಗಾದಿಯ ಹೊತ್ತಿಗೆ ಒಂದು ಗೇಣು ಎತ್ತರದ ಮಣೆ ಬೇಕೆಂದರು. ಅಂಗಡಿಯಿಂದ ತಂದಿದ್ದರೆ ಆ ಮಧ್ಯಾಹ್ನವೇ ಮುಗಿಯುತ್ತಿದ್ದ ಮಾತು. ಆದರೆ ವಿಶ್ವ ಆಗಷ್ಟೇ ಮೊಬೈಲಿನಲ್ಲಿ ಹಳೆಯ ಹತ್ತಾರಗಳಿಗೆ ಮರುಜನ್ಮ ಕೊಡುವ ವಿಡಿಯೊಗಳನ್ನು ನೋಡತೊಡಗಿದ್ದ. ಮಣೆಯನ್ನು ತಾನೇ ಮಾಡುತ್ತೇನೆ, ಅದೂ ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲೇ ಮಾಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟ. ಗೌರಿ ಬಂದು ಹೋದಳು, ಗಣಪತಿ ನೀರು ಸೇರಿದ, ನವರಾತ್ರಿಯ ಬೊಂಬೆಗಳು ಪೆಟ್ಟಿಗೆಗೆ ಮರಳಿದವು. ಮಣೆ ಮಾತ್ರ ಬರಲಿಲ್ಲ.

“ಲೆಕ್ಕ ಓದಲೇ?” ಎಂದು ಶೀನ ಜೇಬಿನಿಂದ ಚೀಟಿ ತೆಗೆದ. ಬ್ಯಾಂಕು ಬಿಟ್ಟು ಆರು ವರ್ಷವಾದರೂ ಅವನಿಗೆ ಪರರ ಖರ್ಚು ಕೂಡಿಸುವ ಚಟ ಬಿಟ್ಟಿಲ್ಲ. “ಎಂಟು ಉಳಿ, ಮೂರು ಗರಗಸ, ನಾಲ್ಕು ಹತ್ತರಿ, ಎರಡು ಬೈರಿಗೆ, ಒಂದು ಬಾಚಿ, ಸಾಣೆಕಲ್ಲು, ದಪ್ಪ ಗಾಜಿನ ತುಂಡು. ಒಟ್ಟು 23,400 ರೂಪಾಯಿ. ಮಣೆಯ ಖಾತೆಯಲ್ಲಿ ಶೂನ್ಯ.”

“ಗಾಜು ಏಕಯ್ಯಾ? ಮಣೆಗೆ ಕನ್ನಡಿ ಕೂರಿಸುತ್ತೀಯಾ?”

ವಿಶ್ವ ಬಿಡಿಸಿ ಹೇಳಿದ. ಮಣೆಗೆ ಹಲಗೆ ನಯವಾಗಬೇಕು, ನಯವಾಗಲು ಹತ್ತರಿ ಬೇಕು, ಹತ್ತರಿಯ ಅಲಗು ಹರಿತವಾಗಲು ಸಾಣೆಕಲ್ಲು ಬೇಕು, ಕಲ್ಲೇ ಸವೆದು ಗುಳಿಬಿದ್ದಿರುವುದರಿಂದ ಗಾಜಿನ ಮೇಲೆ ಮರಳುಕಾಗದ ಹಾಸಿ ಅದನ್ನು ತೇಯ್ದು ಸಮ ಮಾಡಬೇಕು, ಗಾಜು ಅಲುಗಾಡದಿರಲು ಗಟ್ಟಿಯಾದ ಬೆಂಚು ಬೇಕು. ಬೆಂಚು ಮಾಡೋಣವೆಂದರೆ ಹಲಗೆ ನಯವಾಗಬೇಕು.

ಪಾಪಣ್ಣನವರು ಕಣ್ಣುಮುಚ್ಚಿ ಕೇಳಿದರು. “ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುತ್ತಾರೆ. ನಿನಗೆ ಮದುವೆಯಾಗಿ 20 ವರ್ಷವಾಯಿತಲ್ಲ, ಈಗ ಏನು ಮಾಡುವುದು?”

ವಿಶ್ವ ಮಾತು ತಿರುಗಿಸಲು ಕಬ್ಬಿಣದ ಹತ್ತರಿಯೊಂದನ್ನು ಮಗುವಿನಂತೆ ಎತ್ತಿ ತಂದ. ಅವೆನ್ಯೂ ರಸ್ತೆಯ ಆಸುಪಾಸಿನ ಸಂಡೇ ಬಜಾರಿನಲ್ಲಿ ಹಳೆಯ ಮಿಕ್ಸಿ ಜಾರುಗಳ ನಡುವೆ ಸಿಕ್ಕಿದ್ದಂತೆ. ಲಿಯೊನಾರ್ಡ್ ಬೈಲಿ ಎಂಬ ಅಮೆರಿಕದವನು ರೂಪಿಸಿ, 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡ ವಿನ್ಯಾಸವೇ ಇಂದಿಗೂ ನಡೆದುಬಂದಿದೆ ಎಂದ. “ಒಂದರಿಂದ ಎಂಟರವರೆಗೆ ನಂಬರುಗಳಿವೆ. ಇದು ನಾಲ್ಕನೆಯದು. ಏಳನೆಯದಾದರೆ ಹತ್ತಿರ ಹತ್ತಿರ 22 ಅಂಗುಲ ಉದ್ದ. ನಾಲ್ಕೂವರೆ, ಐದೂವರೆಗಳೂ ಇವೆ.”

“ಏಳೂವರೆ?”

“ಅದೊಂದಿಲ್ಲ.”

“ಇದೆ. ಯುಗಾದಿಯಿಂದ ನಿನ್ನ ಹೆಗಲೇರಿ ಕುಳಿತಿದೆ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚು.”

ಇಷ್ಟಾದರೂ ವಿಶ್ವ ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಹತ್ತಾರಗಳನ್ನು ಇಡಲು ಒಂದು ಪೆಟ್ಟಿಗೆ ಮಾಡಿದ್ದಾನೆ. ಶೀನ ಅದರ ಮೇಲೆ ಕುಳಿತು ಓಲಾಡಿದಾಗ, ತಾರಸಿಯಲ್ಲಿ ಮಳೆನೀರು ಹರಿಯಲೆಂದು ಗಾರೆಯವರು ಇಳಿಜಾರು ಕೊಟ್ಟಿದ್ದಾರೆ, ತಪ್ಪು ಪೆಟ್ಟಿಗೆಯದಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ಪಾಪಣ್ಣನವರು ಬಾಯಿಯವರೆಗೆ ತಂದು ಹಿಂದಕ್ಕೆ ನುಂಗಿಕೊಂಡರು. “ಈ ಮನುಷ್ಯನ ನೆಲ ನಿಜಕ್ಕೂ ಡೊಂಕು ಕಣಯ್ಯಾ. ಇಂಥವನ ಮುಂದೆ ಗಾದೆ ಏನು ಮಾಡೀತು?”

ಮರದ ಕಥೆ ಬೇರೆಯೇ ಇದೆ. ಮೊದಲು ತಂದ ಮಾವಿನ ಹಲಗೆಯಲ್ಲಿ ಕುಟ್ಟೆಹುಳ ಬಂತು. ಅಂದಿನಿಂದ ಅವನನ್ನು ಜಕಣಾಚಾರಿ ಎಂದು ಕರೆಯೋಣವೆಂದು ಶೀನ ಸೂಚಿಸಿದಾಗ ಪಾಪಣ್ಣನವರು ಆಕ್ಷೇಪಿಸಿದರು: “ಕೈದಾಳದ ಕಥೆಯಲ್ಲಿ ವಿಗ್ರಹ ಮುಗಿದ ಮೇಲೆ ಅದರೊಳಗೆ ಕಪ್ಪೆ ಸಿಕ್ಕಿತು. ಇಲ್ಲಿ ಪ್ರಾಣಿ ಮೊದಲೇ ಸಿಕ್ಕಿದೆ, ವಿಗ್ರಹ ಸಿಗಬೇಕು.” ಎರಡನೆಯದು ಟಿಂಬರ್ ಯಾರ್ಡಿನಿಂದ ತಂದ, ಕೆಡವಿದ ಮನೆಯೊಂದರ ಹಲಸಿನ ಹಲಗೆ, ಚೆನ್ನಾಗಿ ಪಳಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಅದರೊಳಗೆ ಮುರಿದು ಉಳಿದಿದ್ದ ಮೊಳೆಯೊಂದು ನಾಲ್ಕನೇ ನಂಬರಿನ ಅಲಗನ್ನು ಹಲ್ಲು ಹಲ್ಲಾಗಿಸಿತು.

“ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರವಿಜ್ಞಾನದ ದೊಡ್ಡ ಸಂಸ್ಥೆಯೇ ಇದೆ, ತರಬೇತಿಯನ್ನೂ ಕೊಡುತ್ತಾರೆ. ಹೋಗಿ ಕಲಿಯಬಾರದೇ?” ಎಂದೆ ನಾನು.

“ಕಲಿತುಬಿಟ್ಟರೆ ಕೊಳ್ಳುವುದು ನಿಂತುಹೋಗುತ್ತದಲ್ಲ,” ಎಂದರು ಪಾಪಣ್ಣನವರು.

ಈ ಮಾತು ವಿಶ್ವನಿಗೆ ತಾಕಿತು. ವಾರವಿಡೀ ಪರದೆಯ ಮುಂದೆ ಕುಳಿತು ಮಾಡಿದ ಕೆಲಸವನ್ನು ಸಂಜೆ ಮುಟ್ಟಿ ನೋಡಲಾಗುವುದಿಲ್ಲ, ಮೂರು ವರ್ಷ ಮಾಡಿದ್ದನ್ನು ಮೇಲಿನವರು ಒಂದು ಮೀಟಿಂಗಿನಲ್ಲಿ ಬೇಡವೆಂದು ಅಳಿಸಿಬಿಡುತ್ತಾರೆ, ಹಳೆಯ ಕಬ್ಬಿಣವನ್ನು ಉಜ್ಜಿದರೆ ಉಜ್ಜಿದಷ್ಟು ಹೊಳೆಯುತ್ತದೆ, ಅಷ್ಟಾದರೂ ನನ್ನದು ಎನಿಸುತ್ತದೆ ಎಂದ. ಸ್ವಲ್ಪ ಹೊತ್ತು ಯಾರೂ ನಗಲಿಲ್ಲ. ಶೀನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದ.

ಪಾಪಣ್ಣನವರೇ ಮೆಲ್ಲಗೆ ಶುರುಮಾಡಿದರು. “ನಮ್ಮೂರಿನ ಆಚಾರಿಗೆ ಬೆಂಚೇ ಇರಲಿಲ್ಲ. ಹೊಂಗೆಮರದ ಕೆಳಗೆ ಗೋಣಿತಾಟು ಹಾಸಿ ಕುಳಿತು, ಹಲಗೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದ ಅದುಮಿ ಹಿಡಿಯುತ್ತಿದ್ದ. ಉಳಿ ಆ ಬೆರಳಿನಿಂದ ಅರ್ಧ ಅಂಗುಲದಲ್ಲಿ ಇಳಿಯುತ್ತಿತ್ತು. ನೋಡುತ್ತಿದ್ದ ನಾವು ನಮ್ಮ ಬೆರಳು ಮಡಚಿಕೊಳ್ಳುತ್ತಿದ್ದೆವು. ನೇಗಿಲು, ಕುಂಟೆ, ಗಾಡಿಯ ಮೂಕಿ, ತೊಟ್ಟಿಲು, ಚಟ್ಟ ಎಲ್ಲವೂ ಆ ಬೆರಳ ಸಂದಿನಿಂದಲೇ ಬಂದವು. ಸುಗ್ಗಿಯಲ್ಲಿ ಕಣಕ್ಕೆ ಬಂದು, ವರ್ಷದ ಕೆಲಸಕ್ಕೆ ಕೂಲಿಯಾಗಿ ಸಲ್ಲುವ ಆಯದ ರಾಗಿ ಅಳೆಸಿಕೊಂಡು ಹೋಗುತ್ತಿದ್ದ. ಕೊಡುವವರು ಕೊಳಗದ ತಲೆಯನ್ನು ಸ್ವಲ್ಪ ಸವರಿಯೇ ಕೊಡುತ್ತಿದ್ದರು. ನಮ್ಮಪ್ಪನೂ ಸವರುತ್ತಿದ್ದ.”

ಹೀಗೆ ಹೇಳುತ್ತಲೇ ಅವರು ಪೆಟ್ಟಿಗೆಯಲ್ಲಿ ಕೈಯಾಡಿಸಿ ತಳದಲ್ಲಿದ್ದ ಮರದ ಹತ್ತರಿಯನ್ನು ಹೊರತೆಗೆದರು. ಕಪ್ಪಗೆ, ಎಣ್ಣೆ ಕುಡಿದು ನುಣುಪಾಗಿತ್ತು. ಅದು ಸರಿಯಿಲ್ಲವೆಂದು ವಿಶ್ವ ತಡೆದ. ಮಗ್ಗುಲಲ್ಲಿ ಗುಳಿ ಬಿದ್ದಿದೆ, ಹಿಡಿದರೆ ಕೈಗೆ ಒತ್ತುತ್ತದೆ ಎಂದ. ಬಲಗೈಯವರು ಹಿಡಿದರೆ ಹೆಬ್ಬೆರಳು ಎಡಮಗ್ಗುಲಿಗೆ ಬರುತ್ತದೆ. ಇದರ ಗುಳಿ ಇದ್ದದ್ದು ಬಲಮಗ್ಗುಲಲ್ಲಿ.

ಪಾಪಣ್ಣನವರು ಪ್ರೈಮರಿ ಸ್ಕೂಲಿನ ಮೇಷ್ಟರ ರೂಲುದೊಣ್ಣೆಯ ದಯೆಯಿಂದ ಬಲಗೈಯಲ್ಲಿ ಬರೆಯಲು ಕಲಿತವರು. ಊಟ ಮತ್ತು ಸಹಿ ಬಲಗೈಯದು, ಮಿಕ್ಕ ಲೋಕವ್ಯವಹಾರವೆಲ್ಲ ಎಡಗೈಯದು. ಅವರು ಪಂಚೆ ಸರಿಮಾಡಿಕೊಂಡು ನೆಲದ ಮೇಲೆ ಕುಳಿತು, ಹಲಸಿನ ಹಲಗೆಯನ್ನು ಗೋಡೆಗೆ ಒರಗಿಸಿ, ಈ ತುದಿಯನ್ನು ಪಾದದಿಂದ ಅದುಮಿದರು. ಹತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಹೆಬ್ಬೆರಳು ಆ ಗುಳಿಯಲ್ಲಿ ಹೋಗಿ ಕುಳಿತುಬಿಟ್ಟಿತು. ಮೊದಲ ಸಲ ಎಳೆಗೆ ಎದುರಾಗಿ ತಳ್ಳಿ ಮರ ಸಿಬಿರೆದ್ದಿತು. ಹಲಗೆಯನ್ನು ತಿರುಗಿಸಿಕೊಂಡು ಮತ್ತೆ ತಳ್ಳಿದರು. ಸರ್ರೆಂದು ಒಂದು ಸದ್ದಾಯಿತು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಳದಿ ಸುರುಳಿಯೊಂದು ಅವರ ಮಣಿಕಟ್ಟಿನ ಮೇಲೆ ಬಿತ್ತು.

“ಇದಕ್ಕೆ ಎಷ್ಟು ಕೊಟ್ಟೆ?” ಎಂದರು, ತಲೆಯೆತ್ತದೆ.

“400 ಹೇಳಿದ. ಗುಳಿ ತೋರಿಸಿದೆ, 50 ಇಳಿಸಿದ.”

ಪಾಪಣ್ಣನವರು ಏನೂ ಹೇಳಲಿಲ್ಲ. ಮತ್ತೊಂದು ಸುರುಳಿ ತೆಗೆದರು.