ಹಗಲು ಒಂದು ಸರಾಸರಿ, ರಾತ್ರಿ ಇನ್ನೊಂದು: ಹಂಚಿಕೆಯ ಯುನಿಕ್ಸ್ ಗಣಕದಲ್ಲಿ ‘ಆರ್’ ಬಳಕೆ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ)

ನಮಸ್ಕಾರ. ಚಳ್ಳಕೆರೆ, ಹಿರಿಯೂರು ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ದಿನವಹಿ ಮಳೆಯ ಅಂಕಿಅಂಶಗಳನ್ನು ನಮ್ಮ ವಿಭಾಗದ ಯುನಿಕ್ಸ್ ಗಣಕದಲ್ಲಿ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಬಳಸಿ ವಿಶ್ಲೇಷಿಸುತ್ತಿದ್ದೇನೆ. ಹಲವರು ಬಳಸುವ ಗಣಕವಾದ್ದರಿಂದ ನನಗೆ ರೂಟ್ (ಪೂರ್ಣ ನಿರ್ವಾಹಕ) ಅಧಿಕಾರವಿಲ್ಲ. ಲಾಗಿನ್ ಆಗಿ ನಾನೇ ಸ್ಕ್ರಿಪ್ಟ್ ಓಡಿಸಿದರೆ ಸರಾಸರಿ ನಂಬುವಂತಿರುತ್ತದೆ. ಅದೇ ಸ್ಕ್ರಿಪ್ಟು ರಾತ್ರಿ ಕ್ರಾನ್ (ನಿಗದಿತ ವೇಳೆಗೆ ಕೆಲಸವನ್ನು ತಾನಾಗಿ ಓಡಿಸುವ ವ್ಯವಸ್ಥೆ) ಮೂಲಕ ಓಡಿದರೆ ಚಳ್ಳಕೆರೆಗೆ ಆಗುಂಬೆಯ ಮಳೆ ಬಂದಿರುತ್ತದೆ. ಹಗಲಿನಲ್ಲಿ ಒಂದು ಎಚ್ಚರಿಕೆಯ ಸಾಲಾದರೂ ಕಾಣಿಸುತ್ತದೆ, ರಾತ್ರಿಯ ಲಾಗ್ ಕಡತದಲ್ಲಿ ಅದೂ ಇಲ್ಲ. ಮಾಹಿತಿ ಸಿಗದ ದಿನಗಳಿಗೆ ಕಡತದಲ್ಲಿ ‘-’ ಎಂದು ನಮೂದಾಗಿದೆ. ಎಲ್ಲಿ ಹುಡುಕಬೇಕು?

ಉತ್ತರ 1 (ಗಣಕ ನಿರ್ವಾಹಕ, ಚಿತ್ರದುರ್ಗ)

ನಿಮ್ಮ ಗಣಕದಲ್ಲಿ ಎರಡು ‘ಆರ್’ ಇರುವಂತೆ ತೋರುತ್ತದೆ ಮೇಡಂ. ಆಪರೇಟಿಂಗ್ ಸಿಸ್ಟಮ್ ಜೊತೆಗೆ ಬಂದದ್ದು /ಯುಎಸ್‌ಆರ್/ಬಿನ್ ಒಳಗಿರುತ್ತದೆ; ನಿರ್ವಾಹಕರು ಮೂಲ ಸಂಕೇತದಿಂದ ಕಂಪೈಲ್ ಮಾಡಿ ಸ್ಥಳೀಯವಾಗಿ ಅಳವಡಿಸಿದ್ದು ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್/ಬಿನ್ ಒಳಗಿರುತ್ತದೆ. ನಾವು ಕೊಟ್ಟ ಆದೇಶಗಳನ್ನು ಓಡಿಸುವ ಶೆಲ್, ಪ್ರೋಗ್ರಾಂಗಳಿರುವ ಡೈರೆಕ್ಟರಿಗಳ ‘ಪಾತ್’ ಪಟ್ಟಿಯನ್ನು ಎಡದಿಂದ ಹುಡುಕುತ್ತಾ ಹೋಗಿ, ಮೊದಲು ಸಿಕ್ಕಿದ್ದನ್ನೇ ಓಡಿಸುತ್ತದೆ. ನೀವು ಲಾಗಿನ್ ಆದಾಗ ಆ ಪಟ್ಟಿಯಲ್ಲಿ ಲೋಕಲ್ ಮುಂದಿರುತ್ತದೆ. ಕ್ರಾನ್ ಮಾತ್ರ ಲಾಗಿನ್ ವೇಳೆ ಓದಲಾಗುವ ನಿಮ್ಮ ಪ್ರೊಫೈಲ್ ಕಡತವನ್ನು ಓದುವುದೇ ಇಲ್ಲ, ಅದರ ಪಟ್ಟಿಯಲ್ಲಿ ಅನೇಕ ಲಿನಕ್ಸ್‌ಗಳಲ್ಲಿ /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ ಇರುತ್ತವೆ.

ಸಂಖ್ಯೆ ಏಕೆ ಬದಲಾಯಿತು ಎಂಬುದು ಇನ್ನೂ ಸ್ವಾರಸ್ಯಕರ. 2020ರ ಏಪ್ರಿಲ್‌ನಲ್ಲಿ ಬಂದ ‘ಆರ್’ 4.0.0ಕ್ಕಿಂತ ಹಿಂದಿನ ಆವೃತ್ತಿಗಳು, ಪಠ್ಯ ಬೆರೆತ ಕಾಲಮನ್ನು ತಾವಾಗಿಯೇ ‘ಫ್ಯಾಕ್ಟರ್’ (ಬೇರೆಬೇರೆ ಮೌಲ್ಯಗಳನ್ನು ಪಟ್ಟಿಮಾಡಿ ಕ್ರಮಸಂಖ್ಯೆಯಿಂದ ಗುರುತಿಸುವ ಬಗೆ) ಆಗಿ ಓದುತ್ತಿದ್ದವು. ಒಂದೇ ಒಂದು ‘-’ ಇದ್ದರೂ ಸಾಕು, ಇಡೀ ಕಾಲಮ್ ಪಠ್ಯವೆನಿಸುತ್ತದೆ. ಅಂಥ ಫ್ಯಾಕ್ಟರನ್ನು ನೇರವಾಗಿ ಸಂಖ್ಯೆಗೆ ಪರಿವರ್ತಿಸಿದರೆ ಮಳೆಯ ಮಿಲಿಮೀಟರ್ ಬಾರದೆ, ಆ ಮೌಲ್ಯವು ಪಟ್ಟಿಯಲ್ಲಿ ಎಷ್ಟನೆಯದು ಎಂಬ ಕ್ರಮಸಂಖ್ಯೆ ಬರುತ್ತದೆ. ಹಾಗಾಗಿ ಒಣ ದಿನದ ಸೊನ್ನೆಯೂ 1 ಅಥವಾ 2 ಆಗಿಬಿಡುತ್ತದೆ. ಹೊಸ ಆವೃತ್ತಿ ‘-’ ಅನ್ನು ಖಾಲಿ ಮೌಲ್ಯವಾಗಿಸಿ ಎಚ್ಚರಿಸುತ್ತದೆ. ನೀವು ಹಗಲಿನಲ್ಲಿ ಕಂಡ ಸಾಲು ಅದೇ ಇರಬೇಕು.

ಕ್ರಾನ್‌ನ ಕೆಲಸಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್/ಆರ್‌ಸ್ಕ್ರಿಪ್ಟ್ ಎಂದು ಪೂರ್ಣ ಹಾದಿಯನ್ನೇ ಬರೆಯಿರಿ. ಕಡತವನ್ನು ಓದುವಾಗಲೇ ‘ಎನ್ಎ.ಸ್ಟ್ರಿಂಗ್ಸ್’ ಎಂಬ ಆಯ್ಕೆಯ ಮೂಲಕ ‘-’ ಎಂದರೆ ಖಾಲಿ ಎಂದು ತಿಳಿಸಿದರೆ ಎರಡೂ ಆವೃತ್ತಿಗಳಲ್ಲಿ ಒಂದೇ ಉತ್ತರ ಬರುತ್ತದೆ.

ಉತ್ತರ 2 (ಸಹಾಯಕ ಪ್ರಾಧ್ಯಾಪಕ, ದಾವಣಗೆರೆ)

ಇಷ್ಟೆಲ್ಲ ತಾಪತ್ರಯವೇಕೆ? ಕೊಂಡಾ (ರೂಟ್ ಅಧಿಕಾರವಿಲ್ಲದೆಯೂ ತಂತ್ರಾಂಶ ಅಳವಡಿಸುವ ಸಾಧನ) ಬಳಸಿ ನಿಮ್ಮ ಹೋಮ್ ಡೈರೆಕ್ಟರಿಯಲ್ಲೇ ಸ್ವಂತ ‘ಆರ್’ ಹಾಕಿಕೊಂಡರೆ ಯಾರ ಹಂಗೂ ಇರುವುದಿಲ್ಲ.

ಉತ್ತರ 3 (ಗಣಕ ನಿರ್ವಾಹಕ, ಚಿತ್ರದುರ್ಗ)

ಸರ್, ಹಾಗೆ ಮಾಡಬಹುದು, ಆದರೆ ಅದು ಮೊದಲ ದಾರಿಯಾಗಬಾರದು ಎಂಬುದು ನನ್ನ ಅಭಿಪ್ರಾಯ. ಪ್ರತಿಯೊಬ್ಬರೂ ಹಲವು ಗಿಗಾಬೈಟ್‌ಗಳ ಪ್ರತ್ಯೇಕ ಪ್ರತಿ ಇಟ್ಟುಕೊಂಡರೆ ಡಿಸ್ಕ್ ಜಾಗದ ಕೋಟಾ ತುಂಬುತ್ತದೆ. ಮೇಲಾಗಿ, ಕ್ರಾನ್‌ಗೆ ಆ ಮೂರನೆಯ ಪ್ರತಿಯ ಹಾದಿಯೂ ತಿಳಿದಿರುವುದಿಲ್ಲ. ಗಣಕದಲ್ಲಿ ಲಭ್ಯವಿರುವ ತಂತ್ರಾಂಶಗಳನ್ನು ಪಟ್ಟಿಮಾಡುವ ‘ಮಾಡ್ಯೂಲ್ ಅವೇಲ್’ ಆದೇಶ ಕೊಟ್ಟು, ಬೇಕಾದ ಆವೃತ್ತಿ ಈಗಾಗಲೇ ಇದೆಯೇ ಎಂದು ನೋಡುವುದು ಮೇಲು. ಮಾಡ್ಯೂಲ್ ಎಂಬುದು ಸಾಮಾನ್ಯವಾಗಿ ಲಾಗಿನ್ ವೇಳೆ ಸಿದ್ಧವಾಗುವ ಶೆಲ್ ಫಂಕ್ಷನ್ ಆದ್ದರಿಂದ, ಕ್ರಾನ್‌ನಲ್ಲಿ ಅದನ್ನು ಬಳಸುವವರು ಸ್ಕ್ರಿಪ್ಟನ್ನು ಲಾಗಿನ್ ಆದಂತೆ ಶೆಲ್ ತೆರೆಯುವ ‘ಬ್ಯಾಷ್ -ಎಲ್’ ಮೂಲಕ ಓಡಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು ಸರ್. ಕ್ರಾನ್‌ನಲ್ಲೇ ಆವೃತ್ತಿಯನ್ನು ಮುದ್ರಿಸಿ ನೋಡಿದೆ, 3.6 ಎಂದು ಬಂತು, ಲಾಗಿನ್‌ನಲ್ಲಿ 4.3 ಇದೆ. ಪೂರ್ಣ ಹಾದಿ ಬರೆದ ಮೇಲೆ ಎರಡೂ ಸರಾಸರಿ ಹೊಂದಿವೆ. ಹಳೆಯದನ್ನು ತೆಗೆದುಹಾಕಲು ನಿರ್ವಾಹಕರನ್ನು ಕೇಳಬಹುದೇ?

ಉತ್ತರ 4 (ಗಣಕ ನಿರ್ವಾಹಕ, ಚಿತ್ರದುರ್ಗ)

ಕೇಳಬಹುದು, ಆದರೆ ಅವರು ಒಪ್ಪಲಾರರು. ಸಿಸ್ಟಮ್‌ನ ಬೇರೆ ಪ್ಯಾಕೇಜುಗಳು ಅದನ್ನು ಅವಲಂಬಿಸಿರಬಹುದು, ಹಳೆಯ ಆವೃತ್ತಿಯಲ್ಲೇ ಪ್ರಬಂಧ ಮುಗಿಸುತ್ತಿರುವ ಬೇರೊಬ್ಬರೂ ಇರಬಹುದು. ಅದರ ಬದಲು, ಪ್ರತಿ ರಾತ್ರಿಯ ಲಾಗ್‌ನ ಕೊನೆಗೆ ‘ಸೆಷನ್‌ಇನ್ಫೋ’ (‘ಆರ್’ ಆವೃತ್ತಿ, ಪ್ಯಾಕೇಜುಗಳ ವಿವರ) ಮುದ್ರಣವಾಗುವಂತೆ ಒಂದು ಸಾಲು ಸೇರಿಸಿ. ಈಗಾಗಲೇ ರಾತ್ರಿ ಓಡಿ ಉಳಿದಿರುವ ಫಲಿತಾಂಶಗಳನ್ನು ಬಳಸಲೇಬೇಡಿ, ಎಲ್ಲವನ್ನೂ ಹೊಸದಾಗಿ ಓಡಿಸಿ.