ಸೇನಾಧಿಕಾರಿಗಳಿಗೆ ಏಷ್ಯಾದ ತಂತ್ರಜ್ಞಾನ, ಭದ್ರತೆ: ಒಂದೇ ದಿನದಾಗ ಏನು ಕಲಿಸೋದು?

ಸಪ್ತಾಪುರದವ:
ಧಾರವಾಡದಾಗ 24 ಮಂದಿ ಮಧ್ಯಮ ದರ್ಜೆ ಅಧಿಕಾರಿಗಳಿಗೆ ಒಂದು ದಿನದ ತರಗತಿ ಐತ್ರಿ, ಮುಂಜಾನೆ 9ರಿಂದ ಸಂಜೆ 4:30. ಚೀನಾ, ಜಪಾನ್, ಕೊರಿಯಾ, ತೈವಾನ್ ಅಂತ ದೇಶಕ್ಕೊಂದು ತಾಸು ಹಚ್ಚೀನಿ. ಅರ್ಧ ಮಂದಿಯಷ್ಟೇ ಎಂಜಿನಿಯರಿಂಗ್ ಓದಿದವರು. ನಡೀತೈತೇನ್ರಿ?

ವಿದ್ಯಾಗಿರಿ_ಲ್ಯಾಬ್:
ದೇಶಕ್ಕೊಂದು ತಾಸು ಬ್ಯಾಡ್ರಿ. ಊಟ ಆದಮ್ಯಾಲೆ ಕೊರಿಯಾ ಬಂತಂದ್ರ ಯಾರ ಕಣ್ಣೂ ತೆರೆದಿರಂಗಿಲ್ಲ. ಒಂದು ವಸ್ತು ಹಿಡೀರಿ, ಅದರ ಬೆನ್ನು ಹತ್ತಿ ದೇಶ ದಾಟ್ರಿ. ಗ್ಯಾಲಿಯಂ ಚಲೋ, ಚಿಪ್ಪು, ರೇಡಾರಿಗೆ ಬೇಕಾಗೋ ಮೆತ್ತನ ಲೋಹ. ಅಲ್ಯೂಮಿನಿಯಂ ಅದಿರು ಬಾಕ್ಸೈಟಿನಾಗ ಟನ್ನಿಗೆ ಸುಮಾರು 50 ಗ್ರಾಂ ಇರತೈತಿ. ಆ ಅದಿರಿನಿಂದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತೆಗೆಯುವಾಗ ಬಿಸಿ ಕಾಸ್ಟಿಕ್ ಸೋಡಾದಾಗ ಕರಗಿ, ಅದ ದ್ರಾವಣ ಸುತ್ತಿ ಸುತ್ತಿ ಬಂದಂಗ ಒಟ್ಟುಗೂಡತೈತಿ; ಅಲ್ಲಿಂದ ರೆಸಿನ್ (ರಾಳದ ಮಣಿ) ಹಾಕಿ ಹಿಡೀತಾರ. ಆಮ್ಯಾಲೆ ಶೇ 99.9999 ಶುದ್ಧ ಮಾಡಿ, ವೇಫರ್ (ಚಿಪ್ಪು ಮಾಡೋ ತೆಳು ಬಿಲ್ಲೆ) ಬೆಳೆಸಿ, ರೇಡಾರಿನ ಮಾಡ್ಯೂಲ್ ಮಾಡೋದು. ಅಲ್ಯೂಮಿನಾ ಕಾರ್ಖಾನೆ ನಮ್ಮ ಬೆಳಗಾವಿಯಾಗೂ ಐತಿ. ಆದರ ಜಗತ್ತಿನ ಪ್ರಾಥಮಿಕ ಗ್ಯಾಲಿಯಂ ಶೇ 95ಕ್ಕೂ ಮಿಕ್ಕಿ ಬರೋದು ಚೀನಾದಿಂದ. ಅದಿರು ಎಲ್ಲಾ ಕಡೆ ಇದ್ದರೂ ಇದ್ಯಾಕ ಹಿಂಗ ಅಂತ ಕೇಳಿ 40 ನಿಮಿಷ ಅವರನ್ನ ಬಿಡ್ರಿ. ಆರಾರು ಮಂದಿಯ ನಾಲ್ಕು ಗುಂಪು ಸಾಕು.

20 ಗ್ರಾಂ ತಂದು ತೋರಸ್ರಿ. 29.8 ಡಿಗ್ರಿಗೆ ಕರಗತೈತಿ, ಏಪ್ರಿಲ್‌ನಾಗಾದ್ರ ಕೈಯೂ ಬ್ಯಾಡ. ಅಲ್ಯೂಮಿನಿಯಂ ತಟ್ಟೆ, ಲ್ಯಾಪ್‌ಟಾಪಿನಿಂದ ದೂರ ಇಡ್ರಿ; ಲೋಹದ ಕಣಗಳ ಸಂದಿಗೆ ಹೊಕ್ಕು ಬಿಸ್ಕೀಟಿನಂಗ ಪುಡಿ ಮಾಡತೈತಿ.

ಕೇಶ್ವಾಪುರ_ಓದುಗ:
ಮೇಲಿನವರು ಹೇಳಿದ್ದು ಸರಿ. ಆದರೆ ರಫ್ತು ನಿಯಂತ್ರಣವನ್ನು ‘ನಿಷೇಧ’ ಎಂದು ಕಲಿಸಬೇಡಿ, ಎಲ್ಲರೂ ಎಡವುವುದು ಅಲ್ಲೇ. 2023ರ ಆಗಸ್ಟ್ 1ರಿಂದ ಗ್ಯಾಲಿಯಂ, ಜರ್ಮೇನಿಯಂಗೆ ಚೀನಾ ತಂದದ್ದು ರಫ್ತಿಗೆ ಲೈಸೆನ್ಸ್. ಅಮೆರಿಕಕ್ಕೆ ನಿಷೇಧ ಎಂದು ಹೇಳಿದ್ದು 2024ರ ಡಿಸೆಂಬರಿನಲ್ಲಿ. ಜಪಾನ್ 2019ರ ಜುಲೈನಲ್ಲಿ ಕೊರಿಯಾಕ್ಕೆ ಮಾಡಿದ್ದೂ ಇಂಥದ್ದೇ: ಫೋಟೋರೆಸಿಸ್ಟ್, ಹೈಡ್ರೋಜನ್ ಫ್ಲೋರೈಡ್, ಫ್ಲೋರಿನೇಟೆಡ್ ಪಾಲಿಇಮೈಡ್, ಚಿಪ್, ಪರದೆ ತಯಾರಿಕೆಗೆ ಬೇಕಾದ ಈ ಮೂರು ರಾಸಾಯನಿಕಗಳಿಗೂ ಪ್ರತಿ ಒಪ್ಪಂದಕ್ಕೆ ಬೇರೆ ಅನುಮತಿ. ಮಾಲು ನಿಲ್ಲಿಸದೆಯೂ ತಡ ಮಾಡಿ ಹೆದರಿಸಬಹುದು. ಅಧಿಕಾರಿಗಳಿಗೆ ತಿಳಿಯಬೇಕಾದ್ದು ಇದು.

ಇನ್ನೊಂದು: ಹೊರದೇಶದ ಸ್ಲೈಡುಗಳ ನಕಾಶೆಯಲ್ಲಿ ಜಮ್ಮು-ಕಾಶ್ಮೀರ, ಅರುಣಾಚಲದ ಗಡಿ ತಪ್ಪಿರುತ್ತದೆ. ಸರ್ವೇ ಆಫ್ ಇಂಡಿಯಾ ನಕಾಶೆಯನ್ನೇ ಹಾಕಿ. ಇಲ್ಲದಿದ್ದರೆ ಮೊದಲ ಅರ್ಧ ತಾಸು ಅದರ ಜಗಳಕ್ಕೇ ಹೋಯಿತು.

ಗದಗ_ಕಕ್ಷೆ:
ಮಧ್ಯಾಹ್ನಕ್ಕ ಉಪಗ್ರಹ ಇಡ್ರಿ: ಚೀನಾ, ಭಾರತ ಎರಡೂ ಪರೀಕ್ಷೆಗಂತ ತಮ್ಮದೇ ಉಪಗ್ರಹವನ್ನ ಕ್ಷಿಪಣಿಯಿಂದ ಹೊಡೆದದ್ದು. ಬೋರ್ಡ್ ಮ್ಯಾಲೆ ಎರಡೇ ಸಾಲು: ಚೀನಾ, 2007 ಜನವರಿ, ಸುಮಾರು 865 ಕಿ.ಮೀ. ಭಾರತ, 2019 ಮಾರ್ಚ್ 27, ಸುಮಾರು 283 ಕಿ.ಮೀ. ಎರಡರಾಗ ಯಾವುದರ ಚೂರು ಇನ್ನೂ ಸುತ್ತಾಕತ್ತಾವ, ಯಾಕ? ಗಾಳಿಯ ಎಳೆತ ಅಂತ ಎಂಜಿನಿಯರಿಂಗ್ ಓದದವರೇ ಮೊದಲು ಹೇಳಲಿ. ಅವರವರ ಘಟಕದಾಗ ಏನೇನೈತಿ ಅಂತ ಮಾತ್ರ ಕೇಳಬ್ಯಾಡ್ರಿ. ಪ್ರಕಟವಾದ ಮಾಹಿತಿಯೊಳಗ ಇರ್ರಿ.

ಸಪ್ತಾಪುರದವ:
ಗ್ಯಾಲಿಯಂ ಗಾಜಿನ ಬಾಟ್ಲಿಯಾಗ ಬಂದೈತ್ರಿ. ಫ್ರಿಜ್‌ನಾಗ ಗಟ್ಟಿ ಮಾಡಿ ತಂದ್ರ ಆತಲ್ಲ?

ವಿದ್ಯಾಗಿರಿ_ಲ್ಯಾಬ್:
ಗಾಜಿನಾಗ ಬ್ಯಾಡ. ಗಟ್ಟಿಯಾಗುವಾಗ ಶೇ 3ರಷ್ಟು ಹಿಗ್ಗತೈತಿ, ಬಾಟ್ಲಿ ಸೀಳತೈತಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕ್ರಿ, ಮ್ಯಾಲೆ ಜಾಗ ಬಿಡ್ರಿ.